ಅಡಗಿ ಆಡುವ ಆಟದ ಸೊಗಸು

ವಿಡಿಯೋ ಆಟವೆಂದೊಡನೆ ಗುಂಡಿನ ಸುರಿಮಳೆ ಎಂದೇ ಹಲವರ ತಿಳಿವಳಿಕೆ. ಕಾವಲುಗಾರರ ಕಣ್ಣಿಗೆ ಬೀಳದೆ ನುಸುಳಿಹೋಗುವ ಆಟವನ್ನು ಕಂಡರಂತೂ ನಮ್ಮ ಗೆಳೆಯರು ‘ಇದು ಹೇಡಿಗಳ ಆಟ’ ಎಂದು ನಗುವರು. ನನಗೆ ಈ ಮಾತು ಒಪ್ಪಿಗೆಯಿಲ್ಲ.

1987ರಲ್ಲಿ ಜಪಾನಿನ ಹಿದೆಯೊ ಕೊಜಿಮಾ ‘ಮೆಟಲ್ ಗಿಯರ್’ ರಚಿಸಿದಾಗ, ತೆರೆಯ ಮೇಲೆ ಹೆಚ್ಚು ಸೈನಿಕರನ್ನೂ ಗುಂಡುಗಳನ್ನೂ ಒಮ್ಮೆಗೇ ತೋರಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಆತ ಕಾದಾಟವನ್ನು ಹಿಂದಕ್ಕೆ ಸರಿಸಿ ಅಡಗುವುದನ್ನೇ ಆಟವಾಗಿಸಿದ.

ಅಡಗುವುದರಲ್ಲೇನು ಸುಖ? ಹುಲಗೂರಿನ ಓಣಿಗಳಲ್ಲಿ ಕಣ್ಣಾಮುಚ್ಚಾಲೆ ಆಡಿದವರನ್ನು ಕೇಳಿರಿ. ಬಣವೆಯ ಹಿಂದೆ ಅಡಗಿದವನಿಗೆ ಹುಡುಕುವವನ ಹೆಜ್ಜೆ ಕೇಳುತ್ತದೆ. ಹುಡುಕುವವನಿಗೆ ಇವನ ಉಸಿರೂ ಕೇಳದು. ಆತ ಇತ್ತ ತಿರುಗುವನೋ ಅತ್ತ ತಿರುಗುವನೋ ಎಂದು ಎಣಿಸುತ್ತ ನಿಲ್ಲುವ ಆ ನಿಮಿಷವೇ ಆಟ. ಓಟವೇನಿದ್ದರೂ ಆಮೇಲಿನದು.

1998ರ ‘ಥೀಫ್’ ಆಟದಲ್ಲಿ ಈ ನಿಮಿಷಕ್ಕೆ ತಕ್ಕ ಬೆಲೆಯಿದೆ. (ಹೆಸರೇ ‘ಕಳ್ಳ’, ಗುರುಗಳು ಕ್ಷಮಿಸಬೇಕು.) ರತ್ನಗಂಬಳಿಯ ಮೇಲೆ ಹೆಜ್ಜೆಯ ಸದ್ದು ಅಡಗುತ್ತದೆ, ಲೋಹದ ನೆಲದ ಮೇಲೆ ಕಾವಲುಗಾರನ ಕಿವಿ ನಿಮಿರುತ್ತದೆ. ನೀರಿನ ಬಾಣ ಬಿಟ್ಟು ದೀವಟಿಗೆಯನ್ನು ಆರಿಸಬಹುದು. ನಾವು ಎಷ್ಟು ಬೆಳಕಿನಲ್ಲಿದ್ದೇವೆಂಬುದನ್ನು ತೆರೆಯ ಕೆಳಭಾಗದ ಹರಳೊಂದು ತಿಳಿಸುತ್ತದೆ. ಸಿಕ್ಕಿಬಿದ್ದರೆ ಏಕೆ ಸಿಕ್ಕಿಬಿದ್ದೆವೆಂಬುದು ನಮಗೇ ಗೊತ್ತು. ಆಟದ ಮೇಲೆ ಮುನಿಸಿಲ್ಲ.

ಕಣ್ಣಿಗೆ ಬಿದ್ದೊಡನೆ ‘ಸೋತೆ’ ಎಂದು ಮೊದಲಿನಿಂದ ಆಡಿಸುವ ಆಟಗಳೂ ಇವೆ. ಅವು ಆಟವಲ್ಲ, ಶಿಕ್ಷೆ. ಬಣವೆ ಬಿಟ್ಟು ಓಡಿ ಬೇರೊಂದು ಬಾಗಿಲ ಮರೆಗೆ ಸೇರಲು ಅವಕಾಶ ಬೇಡವೆ? ಅನುಮಾನದಿಂದ ನಾಲ್ಕು ಹೆಜ್ಜೆ ಬಂದ ಕಾವಲುಗಾರ ‘ಇಲಿಯಿರಬೇಕು’ ಎಂದು ಗೊಣಗಿ ಹಿಂದಿರುಗುವಾಗ ಆಗುವ ಹಿಗ್ಗು, ಹತ್ತು ಜನರನ್ನು ಹೊಡೆದುರುಳಿಸಿದರೂ ಬಾರದು.