ಜಾಹೀರಾತಿನ ಒಗಟು

ಕಳೆದ ತಿಂಗಳು ಒಂದು ಸಂಜೆ ನಾವು ಪಡಸಾಲೆಯಲ್ಲಿ ಓದುತ್ತ ಕುಳಿತಿರುವಾಗ, ಹತ್ತು ವರ್ಷದ ಮೊಮ್ಮಗಳು ತನ್ನ ತಾಯಿಯ ಮೊಬೈಲನ್ನು ಹಿಡಿದು ಬಂದು, "ತಾತ, ಇದೇನಿರಬಹುದು, ಹೇಳಿ ನೋಡೋಣ" ಎಂದಳು. ಕಪ್ಪು ಪರದೆಯ ನಡುವೆ ಒಂದು ಬಿಳಿಯ ಚುಕ್ಕೆ. ಕೆಳಗೆ "ಶುಕ್ರವಾರ ತಿಳಿಯುವುದು" ಎಂಬ ಎರಡೇ ಮಾತು. ಹೇಳುವವರಾರೆಂಬುದಕ್ಕೆ ಸುಳಿವಿಲ್ಲ. ಚಂದ್ರನೆಂದು ನಾವು, ಮುತ್ತೆಂದು ಅವಳ ಅಜ್ಜಿ, ಹೊಸ ಚಲಚ್ಚಿತ್ರವೆಂದು ಅವಳು. ನಾಲ್ಕು ದಿನ ಮನೆಯಲ್ಲಿ ಇದೇ ಚರ್ಚೆ. ಸಾಲದುದಕ್ಕೆ, ನಾವೇ ಅದನ್ನು ಶಿವಮೊಗ್ಗೆಯ ಬೀಗರಿಗೂ ಕಳುಹಿಸಿ ಅವರ ಅಭಿಪ್ರಾಯವನ್ನು ಕೇಳಿದೆವೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆವು. ಶುಕ್ರವಾರ ಬಂದಿತು. ಚುಕ್ಕೆಯು ಬೆಳೆದು ಬೆಳೆದು ಬಟ್ಟೆ ಒಗೆಯುವ ಸೋಪಿನ ನೊರೆಯ ಗುಳ್ಳೆಯಾಯಿತು! "ಅಷ್ಟೇನಾ?" ಎಂದು ಮಗು ಮುಖವನ್ನು ಸಣ್ಣದು ಮಾಡಿಕೊಂಡಿತು. ನಮಗೆ ನಗು ಬಂದಿತಾದರೂ, ಆ ಸೋಪಿನವರಿಗೆ ನಾಲ್ಕು ದಿನ ಸಂಬಳವಿಲ್ಲದೆ ಡಂಗುರ ಹೊಡೆದವರು ನಾವೇ ಎಂಬುದು ಹೊಳೆದೊಡನೆ ಅದು ಅರ್ಧಕ್ಕೆ ನಿಂತಿತು.

ಕುತೂಹಲವನ್ನು ಕೆರಳಿಸಿ ಸರಕನ್ನು ಮಾರುವ ಉಪಾಯ ಹೊಸದೇನಲ್ಲ. ನಮ್ಮ ಬಾಲ್ಯದಲ್ಲಿ ಸರ್ಕಸ್ಸು ಬರುವ ಮುನ್ನ ಊರ ಗೋಡೆಗಳ ಮೇಲೆ "ಬರುತ್ತಿದೆ! ಬರುತ್ತಿದೆ!" ಎಂದಷ್ಟೇ ಅಚ್ಚಾದ ಕಾಗದಗಳನ್ನು ಅಂಟಿಸುತ್ತಿದ್ದರು. ಆದರೆ ಗೋಡೆಯು ಇದ್ದಲ್ಲಿಯೇ ಇರುತ್ತಿತ್ತು. ಅಂತರ್ಜಾಲದಲ್ಲಾದರೋ ಓದಿದವನೇ ಗೋಡೆ, ಓದಿದವನೇ ಅಂಟಿಸುವವನು.

ಈ ವಿದ್ಯೆಯಲ್ಲಿ ಹೆಸರಾದ ಪ್ರಸಂಗವೊಂದು ಅಮೆರಿಕದಲ್ಲಿ ನಡೆಯಿತು. ಅಲ್ಲಿ 1958ರಲ್ಲಿ ಸ್ಥಾಪಿತವಾದ ಐಹಾಪ್ ಎಂಬ ಉಪಾಹಾರಗೃಹಗಳ ಸಂಸ್ಥೆಯುಂಟು. 'ಇಂಟರ್‌ನ್ಯಾಷನಲ್ ಹೌಸ್ ಆಫ್ ಪ್ಯಾನ್‌ಕೇಕ್ಸ್' ಎಂಬುದರ ಆದ್ಯಕ್ಷರಗಳಿಂದ ಆದ ಹೆಸರದು. ಪ್ಯಾನ್‌ಕೇಕ್ ಎಂದರೆ ಕಾವಲಿಯ ಮೇಲೆ ಹುಯ್ದು ಮಗುಚಿ ಬೇಯಿಸುವ, ನಮ್ಮ ಗೋಧಿ ದೋಸೆಯ ದೂರದ ಬಂಧುವೆನ್ನಬಹುದಾದ ತಿಂಡಿ. 2018ನೆಯ ಜೂನ್ 4ರಂದು ಸಂಸ್ಥೆಯವರು, ಆಗ ಟ್ವಿಟರ್ ಎಂಬ ಹೆಸರಿದ್ದ ತಾಣದಲ್ಲಿ, ತಮ್ಮ ಹೆಸರಿನ ಕೊನೆಯ 'ಪಿ' ಅಕ್ಷರವನ್ನು ಮಗುಚಿ 'ಬಿ' ಮಾಡುವೆವೆಂದೂ, ಆ 'ಬಿ' ಯಾವುದೆಂಬುದು 11ರಂದು ತಿಳಿಯುವುದೆಂದೂ ಸಾರಿದರು. ಬ್ರೇಕ್‌ಫಾಸ್ಟ್ ಎಂದು ಕೆಲವರು, ಬೇಕನ್ ಎಂದು ಕೆಲವರು ಊಹಿಸಿ ವಾರವೆಲ್ಲ ಹರಟಿದರು. ಉತ್ತರ ಬರ್ಗರ್! ಪ್ರತಿಸ್ಪರ್ಧಿಗಳಾದ ಬರ್ಗರ್ ಕಿಂಗಿನವರು ಅಣಕಕ್ಕಾಗಿ ತಮ್ಮನ್ನು ಪ್ಯಾನ್‌ಕೇಕ್ ಕಿಂಗ್ ಎಂದು ಕರೆದುಕೊಂಡರು. ಅನೇಕರು ಬೈದರು. ಬೈಯುವವನೂ ಹೆಸರನ್ನು ಹೇಳಿಯೇ ಬೈಯಬೇಕಷ್ಟೆ! ಬರ್ಗರಿನ ಮಾರಾಟ ನಾಲ್ಕು ಪಟ್ಟಾಯಿತೆಂದು ಸಂಸ್ಥೆಯವರೇ ಹೇಳಿಕೊಂಡರು. ಮರುತಿಂಗಳಲ್ಲಿ, ಹೆಸರು ಬದಲಿಸಿದ್ದೆಲ್ಲ ಬರ್ಗರಿಗಾಗಿ ಹೂಡಿದ ನಟನೆಯೆಂದು ಒಪ್ಪಿ ಹಳೆಯ ಹೆಸರಿಗೇ ಮರಳಿದರು.

ನಮ್ಮ ಕವಿರಾಜಮಾರ್ಗಕ್ಕೂ ಆಕರವಾದ ಕಾವ್ಯಾದರ್ಶದಲ್ಲಿ ದಂಡಿಯು ಪ್ರಹೇಲಿಕೆಗಳ, ಎಂದರೆ ಒಗಟುಗಳ, 16 ಭೇದಗಳನ್ನು ವಿವರಿಸಿ, ಅವುಗಳ ಉಪಯೋಗವನ್ನು ಮೂರಾಗಿ ಹೇಳಿದ್ದಾನೆ: ಗೋಷ್ಠಿಗಳಲ್ಲಿ ವಿನೋದ, ಜನಸಂದಣಿಯ ನಡುವೆ ಬಲ್ಲವರ ಗುಟ್ಟಿನ ಮಾತು, ಪರರನ್ನು ಮರುಳುಗೊಳಿಸುವುದು. ವಿದ್ಯಾರ್ಥಿದೆಸೆಯಲ್ಲಿ ನಾವು ಈ ಮೂರನೆಯದನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋದೆವೇ ಹೊರತು ಅದರ ಬಳಿ ನಿಂತು ಯೋಚಿಸಲಿಲ್ಲ.

ಮೂರನೆಯದಕ್ಕೆ ನಿದರ್ಶನ ಬೇಕಾದರೆ ಫೋಕ್ಸ್‌ವ್ಯಾಗನ್ ಮೋಟಾರು ಸಂಸ್ಥೆಯ ಅಮೆರಿಕದ ಶಾಖೆಯವರು ಒದಗಿಸಿದ್ದಾರೆ. 2021ನೆಯ ಮಾರ್ಚಿಯ ಕೊನೆಯಲ್ಲಿ, ಒಂದು ತಿಂಗಳು ಮುಂಚಿತವಾಗಿ ಕೈತಪ್ಪಿ ಹೊರಬಿದ್ದಂತೆ ತೋರುವ ಪ್ರಕಟಣೆಯೊಂದು ಅವರ ತಾಣದಲ್ಲಿ ಕಾಣಿಸಿಕೊಂಡು ಮಾಯವಾಯಿತು. ವಿದ್ಯುತ್ ವಾಹನಗಳ ಗುರುತಾಗಿ, ವಿದ್ಯುತ್ತಿನ ಮಾನವಾದ 'ವೋಲ್ಟ್' ಎಂಬುದನ್ನು ಸೇರಿಸಿ, ಶಾಖೆಗೆ 'ವೋಲ್ಟ್ಸ್‌ವ್ಯಾಗನ್' ಎಂದು ಹೆಸರಿಡುವರೆಂದು ಅದರಲ್ಲಿತ್ತು. ಇದು ಹಾಸ್ಯವೇ ಎಂದು ಬಾತ್ಮೀದಾರರು ನೇರವಾಗಿ ಕೇಳಿದರು. ಅಲ್ಲ, ನಿಜವೆಂದೇ ಉತ್ತರ ದೊರೆಯಿತು. 30ರಂದು ಅಧಿಕೃತವಾಗಿಯೂ ಸಾರಿದರು. ಅದೇ ದಿನ ಸಂಜೆಯ ಹೊತ್ತಿಗೆ, ಎಲ್ಲವೂ ಏಪ್ರಿಲ್ ಒಂದರ ತಮಾಷೆಯೆಂದರು! ಅಷ್ಟರಲ್ಲಿ ಸುದ್ದಿಸಂಸ್ಥೆಗಳು ಅದನ್ನು ಸತ್ಯವೆಂದು ಹಂಚಿದ್ದುವು. ಷೇರಿನ ಬೆಲೆಯೂ ಏರಿತ್ತು. ಈ ಸಂಸ್ಥೆಯ ಡೀಸೆಲ್ ಮೋಟಾರುಗಳಲ್ಲಿ, ಹೊಗೆಯ ಪರೀಕ್ಷೆ ನಡೆಯುವಾಗ ಮಾತ್ರ ವಿಷವಾಯುವನ್ನು ಕಡಿಮೆ ಬಿಡುವ ಯುಕ್ತಿಯನ್ನು ಅಡಗಿಸಿದ್ದುದು 2015ರಲ್ಲಿ ಬಯಲಾಗಿದ್ದಿತು. ಪ್ರಪಂಚದಲ್ಲೆಲ್ಲ ಅಂತಹ ವಾಹನಗಳು ಸುಮಾರು 1 ಕೋಟಿ 10 ಲಕ್ಷ. ಅಂತಹ ಅಪಕೀರ್ತಿಯನ್ನು ತಲೆಯ ಮೇಲೆ ಹೊತ್ತವರಿಗೆ ಈ ತಮಾಷೆಯೇ ಬೇಕಾಗಿತ್ತೆ?

ಐಹಾಪಿನವರು ಹೇಳಿದ್ದೂ ಸುಳ್ಳಲ್ಲವೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ, ಸುಳ್ಳೇ ಸರಿ. ಆದರೆ ಅಲ್ಲಿ ಒಗಟೆಂದು ತಿಳಿದೇ ಜನರು ಆಡಿದರು, ಬಿಡಿಸುವ ದಿನವೂ ಗೊತ್ತಿತ್ತು. ನಂಬಿದವನು ಕಳೆದುಕೊಂಡದ್ದು ವಾರದ ಹರಟೆಯನ್ನು. ಇಲ್ಲಿ ಒಗಟೇ ಇರಲಿಲ್ಲ. ನಿಜವೆ ಎಂದು ಒಬ್ಬನು ಎದುರು ನಿಂತು ಕೇಳಿದ ಮೇಲೂ ನಟಿಸಿದರೆ ಅದನ್ನು ಕ್ರೀಡೆಯೆಂದು ಕರೆಯಲು ನಮಗೆ ನಾಲಗೆ ಬಾರದು. ದಂಡಿಯೂ ದೋಷವುಳ್ಳ ಒಗಟುಗಳಿಗೆ ಲೆಕ್ಕವಿಲ್ಲವೆಂದು ಒಳ್ಳೆಯವನ್ನಷ್ಟೇ ವಿವರಿಸಿದನು.

ಸೋಪಿನವರ ಮೇಲೆ ನಮಗೇನೂ ಕೋಪವಿಲ್ಲ. ಆದರೂ, ಇನ್ನು ಮೇಲೆ ಇಂತಹುದನ್ನು ಬೇರೆಯವರಿಗೆ ಕಳುಹಿಸುವ ಮುಂಚೆ, ಕೇಳುತ್ತಿರುವವರು ಯಾರೆಂದು ನೋಡಮ್ಮ ಎಂದು ಮಗುವಿಗೆ ಹೇಳಿದ್ದೆವು. ಮೊನ್ನೆ ಮತ್ತೊಂದು ಕಪ್ಪು ಪರದೆಯನ್ನು ತಂದಳು. "ಯಾರದಮ್ಮ ಇದು?" ಎಂದೆವು.

"ಅದೇ ಅಲ್ವಾ ತಾತ ಒಗಟು!" ಎಂದಳು.