ರಾಜಿ ಮಾಡಿಸುವ ಹಿರಿಯರ ಹೆಗಲಿನ ಭಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಪೇಟೆಗಳಲ್ಲಿ ವ್ಯಾಪಾರದ ತಕರಾರು ನ್ಯಾಯಾಲಯದ ಮೆಟ್ಟಿಲೇರುವ ಮೊದಲು ಯಾರಾದರೊಬ್ಬ ಹಿರಿಯ ವರ್ತಕರ ಗಾದಿಯ ಮುಂದೆ ಬರುವುದು ವಾಡಿಕೆ. ಫರಸಿಯ ದಪ್ಪ ಮಾತಿನಂತಿಲ್ಲವೆಂದು ಖರೀದಿದಾರರು ಹಣ ತಡೆದಿರುತ್ತಾರೆ. ತೊಗರಿಯ ತೇವಾಂಶದ ಬಗ್ಗೆ ಅಡತಿಯವರಿಗೂ ದಾಲ್ ಮಿಲ್ಲಿನವರಿಗೂ ಮಾತು ಬೆಳೆದಿರುತ್ತದೆ. ಸಿಮೆಂಟ್ ಸಾಗಿಸಿದ ಲಾರಿಯ ಬಾಡಿಗೆ ಬಾಕಿ ಉಳಿದಿರುತ್ತದೆ. ಹಿರಿಯರು ಇಬ್ಬರನ್ನೂ ಕೂರಿಸಿ, ಚಹಾ ಕುಡಿಸಿ, ಮುರಿದ ಸಂಬಂಧವನ್ನು ಜೋಡಿಸುತ್ತಾರೆ. ಆಮೇಲೆ ಆ ಹಿರಿಯರ ಸ್ಥಿತಿ ಏನೆಂದು ಯಾರೂ ವಿಚಾರಿಸುವುದಿಲ್ಲ.

ಈ ಪದ್ಧತಿ ಇಲ್ಲಿಗೆ ಹೊಸದಲ್ಲ. ಶಹಾಬಾದ್ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರತೀತಿ. ಆತನ ಮಿತಾಕ್ಷರವು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ವ್ಯಾಜ್ಯ ನಿರ್ಣಯಿಸುವ ಕುಲ, ಶ್ರೇಣಿ, ಪೂಗಗಳ ಉಲ್ಲೇಖವಿದೆ. ಶ್ರೇಣಿಯೆಂದರೆ ಒಂದೇ ಕಸುಬಿನವರ ಸಂಘ. ಅಂದರೆ ಆ ಭಾರವನ್ನು ಹೊತ್ತದ್ದು ಸಮೂಹ, ಒಬ್ಬಂಟಿ ವ್ಯಕ್ತಿಯಲ್ಲ.

ಇಂದು ಅದು ಒಬ್ಬರ ಮೇಲೆಯೇ ಬೀಳುತ್ತಿದೆ. ನ್ಯಾಯಾಧೀಶರು ತೀರ್ಪು ಬರೆದು ಎದ್ದುಹೋಗಬಹುದು. ಪೇಟೆಯ ಮಧ್ಯಸ್ಥರು ಮರುದಿನ ಬೆಳಿಗ್ಗೆ ಎರಡೂ ಕಡೆಯವರ ಮುಖ ನೋಡಲೇಬೇಕು. ತಮಗೆ ಅನ್ಯಾಯವಾಯಿತೆಂದು ಭಾವಿಸಿದವರು ವ್ಯಾಪಾರವನ್ನು ಬೇರೆ ಅಂಗಡಿಗೆ ಒಯ್ಯುತ್ತಾರೆ. ಮದುವೆಯ ಆಮಂತ್ರಣವೂ ನಿಂತುಹೋಗುತ್ತದೆ. ಒಬ್ಬರ ಬ್ಯಾಂಕ್ ಸಾಲ, ಇನ್ನೊಬ್ಬರ ಪಾಲುದಾರಿಕೆಯ ಒಡಕು, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಮನೆಯವರಿಗೂ ಹೇಳಲಾಗದೆ ನಿದ್ರೆಗೆಡಬೇಕು. ರಕ್ತದೊತ್ತಡದ ಮಾತ್ರೆ ನುಂಗಿ ರಾಜಿಗೆ ಕೂರುವ ಹಿರಿಯರು ಈ ಪೇಟೆಗಳಿಗೆ ಅಪರಿಚಿತರೇನಲ್ಲ. ಸಂಬಳವಿಲ್ಲದ ಕೆಲಸವಾದ್ದರಿಂದ ರಜೆ ಕೇಳುವ ಹಾಗೂ ಇಲ್ಲ!

ಯೋಗ, ಮುಂಜಾನೆಯ ನಡಿಗೆ ಇವೆಲ್ಲ ಒಳ್ಳೆಯವೇ. ಆದರೆ ಒತ್ತಡದ ಮೂಲ ಬೇರೆಡೆ ಇದೆ. ಕಾಗದವಿಲ್ಲದ ವ್ಯವಹಾರದಲ್ಲಿ ಯಾರ ಮಾತು ನಿಜವೆಂದು ಊಹಿಸಬೇಕಾದ ಸಂಕಟವೇ ಅದರಲ್ಲಿ ದೊಡ್ಡದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸರಕನ್ನು ಒಪ್ಪಿಕೊಂಡಂತೆಯೇ ಸರಿ. ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಹಣ ಪಾವತಿಸುವ ಅವಧಿ, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರುವಂತಿಲ್ಲ. ಪಾಲಿಶ್ ಘಟಕದವರೂ ಖರೀದಿದಾರರೂ ಇಷ್ಟನ್ನು ಪಾಲಿಸಿದರೆ ಫರಸಿಯ ಎಷ್ಟೋ ತಕರಾರುಗಳು ಗಾದಿಯವರೆಗೆ ಬರಲಾರವು. ಮೂರು ತಿಂಗಳ ಬಳಿಕ, ಕಲ್ಲು ನೆಲಕ್ಕೆ ಹಾಸಿದ ಮೇಲೆ, ದಪ್ಪದ ಮಾತೆತ್ತುವವರಿಗೆ ಹಿರಿಯರು ಏನು ಹೇಳಿಯಾರು?

ಸಂಧಾನಕಾರರು ಇಬ್ಬರು ಅಥವಾ ಮೂವರು ಇರಬಹುದೆಂದು 1996ರ ರಾಜಿ ಸಂಧಾನ ಅಧಿನಿಯಮವೇ ಹೇಳಿತು. ಅವರ ಶುಲ್ಕವನ್ನು ವೆಚ್ಚದಲ್ಲಿ ಸೇರಿಸಿತು, ಗೋಪ್ಯತೆಯನ್ನೂ ವಿಧಿಸಿತು. ವರ್ತಕರ ಸಂಘಗಳು ಇದೇ ಜಾಡಿನಲ್ಲಿ ನಡೆಯಬಹುದು. ಇಬ್ಬರು ಹಿರಿಯರು ಒಟ್ಟಿಗೆ ಕೂರಲಿ. ಆಗ ಗುಟ್ಟು ಹೊರಬೀಳದೆ ಮನಸ್ಸು ಹಂಚಿಕೊಳ್ಳಲು ಒಬ್ಬ ಜೊತೆಗಾರರಾದರೂ ಇರುತ್ತಾರೆ. ಸಭೆ ಅಂಗಡಿಯಲ್ಲಲ್ಲ, ಸಂಘದ ಕಚೇರಿಯಲ್ಲಿ ನಡೆಯಲಿ. ರಾತ್ರಿ ಹತ್ತರ ಫೋನಿಗೆ ಉತ್ತರಿಸುವ ಹೊಣೆ ಅವರದಲ್ಲ. ಎರಡು ಸಭೆಗಳಲ್ಲಿ ತೀರದ ಪ್ರಕರಣವನ್ನು ಲೋಕ ಅದಾಲತ್ತಿಗೆ ಒಯ್ಯುವಂತೆ ಸೂಚಿಸಿ ಹಿರಿಯರು ಕೈಬಿಡಬಹುದು. ಹಾಗೆ ಕೈಬಿಟ್ಟದ್ದಕ್ಕೆ ಪೇಟೆಯಲ್ಲಿ ಯಾರೂ ಅವರನ್ನು ಹಳಿಯಕೂಡದು.