ಪೆಟ್ಟಿಗೆ ಆಮೇಲೆ, ಮೊದಲು ತಂತಿ

ಏಪ್ರಿಲ್ ತಿಂಗಳಲ್ಲಿ ಮೊದಲ ಗುಡುಗು ಕೇಳಿಸಿದ್ದೇ ತಡ, ನಮ್ಮ ಇಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಊರಲ್ಲಿ ಅಪ್ಪಂಗೆ ಹೊಸ ಟಿವಿ ಕೊಡಿಸಿದೀನಿ. ಅಲ್ಲಿ ಕರೆಂಟಿಗೆ ಭರವಸೆ ಇಲ್ಲ. ಯಾವ ಸ್ಪೈಕ್ ಗಾರ್ಡ್ ಒಳ್ಳೇದು?" ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ. ಒಬ್ಬ ಅಮೆಜಾನ್ ಲಿಂಕ್ ಹಾಕ್ತಾನೆ, ಇನ್ನೊಬ್ಬ ಯೂಟ್ಯೂಬ್ ರಿವ್ಯೂ ಕಳಿಸ್ತಾನೆ, ಮತ್ತೊಬ್ಬ "ಅದೆಲ್ಲ ಬಿಡು, ಆನ್‌ಲೈನ್ ಯುಪಿಎಸ್ ಹಾಕ್ಸು" ಅಂತ ದೊಡ್ಡ ಮಾತು ಆಡ್ತಾನೆ. ಎಲ್ಲರೂ ಬಿಇ ಮಾಡಿದವರು. ಎಲೆಕ್ಟ್ರಿಕಲ್ಸ್ ಓದಿದವರೂ ಇದ್ದಾರೆ. ಆದರೆ ಒಬ್ಬನೂ ಕೇಳುವುದಿಲ್ಲ: ಆ ಮನೆಗೆ ಅರ್ಥಿಂಗ್ ಇದೆಯಾ? ಕಂಬದಿಂದ ಬರುವ ನ್ಯೂಟ್ರಲ್ ಗಟ್ಟಿ ಇದೆಯಾ?

ನನ್ನ ತಕರಾರು ಇಷ್ಟೆ. ಈ ಎರಡು ತಂತಿ ಸರಿ ಇಲ್ಲದ ಮನೆಗೆ ಎಷ್ಟು ಪೆಟ್ಟಿಗೆ ಕಳಿಸಿದರೂ ದುಡ್ಡು ದಂಡ. ಒಂದು ತಂತಿ ನಮ್ಮ ಮನೆಯದು, ಅದನ್ನು ನಾವೇ ಹಾಕಿಸಬೇಕು. ಇನ್ನೊಂದು ಕಂಬದ್ದು, ಅದನ್ನು ಹಕ್ಕಿನಿಂದ ಕೇಳಬೇಕು. ನಾವು ಎರಡನ್ನೂ ಮಾಡದೆ ಕಾರ್ಟಿಗೆ ಸಾಮಾನು ಸೇರಿಸುತ್ತಾ ಕೂತಿದ್ದೇವೆ.

ಮೊದಲು ಆ ಸ್ಪೈಕ್ ಗಾರ್ಡ್ ಒಳಗೆ ಏನಿದೆ ನೋಡೋಣ. ಒಳ್ಳೆಯದಾದರೆ, ನಾಲ್ಕಾಣೆ ನಾಣ್ಯದಷ್ಟು ಅಗಲದ ಒಂದೋ ಮೂರೋ ಬಿಲ್ಲೆಗಳಿರುತ್ತವೆ. ಮೆಟಲ್ ಆಕ್ಸೈಡ್ ವೇರಿಸ್ಟರ್, ಚಿಕ್ಕದಾಗಿ ಎಂಒವಿ. ವೋಲ್ಟೇಜು ಒಮ್ಮೆಲೆ ಏರಿದಾಗ ಈ ಬಿಲ್ಲೆ ಅದನ್ನು ತನ್ನ ಮೈಮೇಲೆ ಎಳೆದುಕೊಂಡು ಬಿಸಿಯಾಗುತ್ತದೆ. ಅದರ ತಾಕತ್ತು ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಒಂದು ದಿನ ಸದ್ದಿಲ್ಲದೆ ಸಾಯುತ್ತದೆ. ಮೇಲಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ, ಯಾಕಂದ್ರೆ ಬಹಳಷ್ಟು ಬೋರ್ಡುಗಳಲ್ಲಿ ಆ ದೀಪ ಹೇಳುವುದು "ಕರೆಂಟ್ ಇದೆ" ಅಂತ ಅಷ್ಟೇ. ಅಗ್ಗದ ಎಷ್ಟೋ ಬೋರ್ಡುಗಳಲ್ಲಿ ಆ ಬಿಲ್ಲೆಯೂ ಇರುವುದಿಲ್ಲ. ಅದು ಹೆಸರಿಗೆ ಸ್ಪೈಕ್ ಗಾರ್ಡ್, ಅಸಲಿಗೆ ಎಕ್ಸ್‌ಟೆನ್ಷನ್ ಬೋರ್ಡು.

ಇನ್ನೊಂದು ಸಂಗತಿ. ಬಿಲ್ಲೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಕೆಲಸ ಮಾಡಲು ಅರ್ಥಿಂಗ್ ಬೇಕಿಲ್ಲ, ನಿಜ. ಆದರೆ ಹತ್ತಿರದಲ್ಲಿ ಸಿಡಿಲು ಬಿದ್ದಾಗ ಫೇಸೂ ನ್ಯೂಟ್ರಲ್ಲೂ ಎರಡೂ ಒಟ್ಟಿಗೆ ನೆಲಕ್ಕಿಂತ ಸಾವಿರಾರು ವೋಲ್ಟ್ ಮೇಲೆ ಹಾರಬಹುದು. ಆ ಹೊಡೆತ ಇಳಿಯಬೇಕಾದದ್ದು ಮೂರನೇ ತಂತಿಯಲ್ಲಿ. ಮೂರನೇ ಪಿನ್ನಿನ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಅದು ಎಲ್ಲಿಗೆ ಇಳಿಯಬೇಕು?

ಸಿಡಿಲು ಹಾಗಿರಲಿ. ನಮ್ಮ ಯರಗೇರಾದಂಥ ಊರುಗಳಲ್ಲಿ ಟಿವಿ, ಫ್ರಿಜ್ಜುಗಳನ್ನು ಸಾಲುಸಾಲಾಗಿ ಸುಡುವ ದೊಡ್ಡ ಖಳನಾಯಕ ಬೇರೆ ಇದ್ದಾನೆ: ಕಡಿದ ನ್ಯೂಟ್ರಲ್. ಟಿಸಿಯಿಂದ ಮೂರು ಫೇಸು, ಒಂದು ನ್ಯೂಟ್ರಲ್ ಹೊರಡುತ್ತವೆ. ನಮ್ಮ ಮನೆ ಒಂದು ಫೇಸಿಗೆ, ಎದುರು ಮನೆ ಇನ್ನೊಂದಕ್ಕೆ. ನ್ಯೂಟ್ರಲ್ ಇರುವ ತನಕ ಇಬ್ಬರಿಗೂ 230 ವೋಲ್ಟ್. ಕೈಯಲ್ಲಿ ಸುತ್ತಿ ಬಿಟ್ಟ ಜಾಯಿಂಟ್ ಗಾಳಿಗೆ ಕಳಚಿತೋ, ಎರಡೂ ಮನೆಗಳು 400 ವೋಲ್ಟಿನ ಒಂದೇ ಹಗ್ಗದ ಎರಡು ತುದಿ ಹಿಡಿದಂತೆ ಆಗುತ್ತದೆ. ಈ ಹಗ್ಗಜಗ್ಗಾಟದಲ್ಲಿ ಹೆಚ್ಚು ಲೋಡ್ ಇರುವ ಮನೆಗೆ ಕಡಿಮೆ ವೋಲ್ಟ್, ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚು ವೋಲ್ಟ್. ಒಂದು ಫ್ಯಾನು, ಒಂದು ಟಿವಿ ಹಾಕಿಕೊಂಡು ಕೂತ ಬಡವನ ಮನೆಯೇ ಮೊದಲು ಹೊಗೆ ಹಾಕುತ್ತದೆ.

ನಮ್ಮ ಓಣಿಯಲ್ಲಿ ಒಂದು ಸಂಜೆ ಹೀಗೇ ಆಯಿತು. ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದು: "ಫ್ಯಾನ್ ಒಮ್ಮಿಗಿಲೆ ಜೋರು ತಿರುಗಾಕತ್ತಿತು, ಬಲ್ಬ್ ಪಟ್ ಅಂತು, ಆಮ್ಯಾಲ ಟಿವಿ ಹಿಂದಿಂದ ಹೊಗಿ ಬಂತು." "ಸ್ಪೈಕ್ ಗಾರ್ಡ್ ಇತ್ತಲ್ಲ ದೊಡ್ಡಪ್ಪ?" ಅಂದೆ. "ಇತ್ತೋ ತಮ್ಮಾ, ಅದರ ಕೆಂಪ್ ಲೈಟ್ ಈಗೂ ಉರಿತೈತಿ ನೋಡು."

ಇದು ಬೋರ್ಡಿನ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೈಕ್ರೋಸೆಕೆಂಡಿನ ಹೊಡೆತಕ್ಕೆ ಮಾಡಿದ ಬಿಲ್ಲೆ, ಐದು ನಿಮಿಷ ನಿಂತ 350 ವೋಲ್ಟನ್ನು ತಡೆಯಲಾರದು. ತಡೆಯಲು ಹೋದರೆ ತಾನೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಬೇರೆ ಸಾಧನ: ಮೀಟರ್ ಬೋರ್ಡಿನ ಪಕ್ಕ, ಎಂಸಿಬಿ ಸಾಲಿನಲ್ಲೇ ಕೂರುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ನಾವು ಇಟ್ಟ ಮಿತಿ ದಾಟಿದ ಕೂಡಲೇ ಇಡೀ ಮನೆಯ ಕರೆಂಟ್ ಕಡಿದು, ವೋಲ್ಟೇಜು ಸರಿಹೋದ ಮೇಲೆ ಸ್ವಲ್ಪ ಹೊತ್ತು ಕಾದು ತಾನೇ ಕೊಡುತ್ತದೆ. ಊರಿನ ಮನೆಗೆ ನೀವು ಒಂದೇ ಒಂದು ಸಾಧನ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಆದರೆ ಯೂಟ್ಯೂಬಿನಲ್ಲಿ ಇದಕ್ಕೆ ರಿವ್ಯೂ ಸಿಗುವುದು ಅಪರೂಪ. ಇದಕ್ಕೆ ಆರ್‌ಜಿಬಿ ಲೈಟಿಲ್ಲ, ಯುಎಸ್‌ಬಿ ಪೋರ್ಟಿಲ್ಲ.

ಈಗ ಅರ್ಥಿಂಗಿಗೆ ಬರೋಣ. ಹಳೇ ಮನೆಗಳ ವೈರಿಂಗ್ ಬಿಚ್ಚಿಸಿ ನೋಡಿ. ಮೂರು ತೂತಿನ ಸಾಕೆಟ್ಟು, ಹಿಂದೆ ಎರಡೇ ತಂತಿ. ಇನ್ನೂ ಕೆಟ್ಟದ್ದು ಏನಂದ್ರೆ, ಸಾಕೆಟ್ಟಿನೊಳಗೆ ನ್ಯೂಟ್ರಲನ್ನೇ ಒಂದು ತುಂಡು ವೈರಿನಿಂದ ಅರ್ಥ್ ಪಿನ್ನಿಗೆ ಜೋಡಿಸಿ "ಆತು ತಗೋರಿ ಸಾರ್" ಅನ್ನುವ ಮಿಸ್ತ್ರಿಗಳಿದ್ದಾರೆ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲು, ವಾಷಿಂಗ್ ಮಷಿನ್ನಿನ ಮೈ, ಎಲ್ಲದರಲ್ಲೂ ಕರೆಂಟು. ಅದನ್ನು ಮುಟ್ಟುವುದು ಬೆಂಗಳೂರಿನಲ್ಲಿರುವ ನೀವಲ್ಲ, ನಿಮ್ಮವ್ವ.

ಸರಿಯಾದ ಅರ್ಥಿಂಗ್ ಅಂದರೆ ಎರಡೂವರೆ ಮೀಟರ್ ಉದ್ದದ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು, ಮೇಲಿಂದ ನೀರು ಹಾಕಲು ಒಂದು ಸಣ್ಣ ಗುಂಡಿ. ಐಎಸ್ 3043 ಅನ್ನುವ ಭಾರತೀಯ ಮಾನಕದಲ್ಲಿ ಎಲ್ಲವೂ ಇದೆ. ನಮ್ಮ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ತೇವ ಹಿಡಿದುಕೊಂಡು ಅರ್ಥಿಂಗಿಗೆ ಬಲು ಒಳ್ಳೆಯ ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನ ಸಂಗ ಬಿಡುವ ಮಣ್ಣು. ಮುಂಗಾರಿನ ಮೊದಲ ಸಿಡಿಲು ಬರುವುದು ನೆಲ ಹೀಗೆ ಒಣಗಿ ಬಾಯಿ ಬಿಟ್ಟಾಗಲೇ. ಅದಕ್ಕೇ ಮಾರ್ಚಿನಿಂದ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕಬೇಕು. ಈ ಎರಡು ಕೊಡ ನೀರು ಯಾವ ಆ್ಯಪಿನಲ್ಲೂ ಆರ್ಡರ್ ಮಾಡೋಕೆ ಬರೋದಿಲ್ಲ.

ಹಾಗಾದರೆ ದುಡ್ಡು ಹಾಕುವ ಕ್ರಮ ಯಾವುದು? ಮೊದಲು ಅರ್ಥಿಂಗ್, ಎಲ್ಲ ಸಾಕೆಟ್ಟಿಗೂ ಮೂರನೇ ತಂತಿ. ಎರಡನೆಯದು 30 ಮಿಲಿಆಂಪಿನ ಆರ್‌ಸಿಸಿಬಿ, ಅದು ಕಾಯುವುದು ಮನುಷ್ಯರನ್ನು. ಮೂರನೆಯದು ವೋಲ್ಟೇಜ್ ಪ್ರೊಟೆಕ್ಟರ್. ನಾಲ್ಕನೆಯದು ಬೋರ್ಡಿನಲ್ಲೇ ಕೂರುವ ಟೈಪ್-2 ಎಸ್‌ಪಿಡಿ, ಇಡೀ ಮನೆಗೆ ಒಂದೇ ಸರ್ಜ್ ಪ್ರೊಟೆಕ್ಟರ್. ಆಮೇಲೆ ಇನ್ವರ್ಟರು. ನೀವು ಮೊದಲು ಕೇಳಿದ ಸ್ಪೈಕ್ ಗಾರ್ಡು ಕಟ್ಟಕಡೆಗೆ. ಇದೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡುವ ಕೆಲಸ, ನೀವು ಟೆಸ್ಟರ್ ಹಿಡಿದು ಹೋಗಬೇಡಿ.

ಅಷ್ಟೆಲ್ಲ ಆಗುವ ತನಕ? ನಮ್ಮವ್ವ ಮಾಡುವುದನ್ನು ಮಾಡಿ. ಮೋಡ ಕಪ್ಪಾದರೆ ಸಾಕು, ಅವಳು ಟಿವಿಯ ಪ್ಲಗ್ ಕೀಳುತ್ತಾಳೆ, ಡಿಶ್ಶಿನ ವೈರು ಬಿಚ್ಚುತ್ತಾಳೆ. ಪೇಟೆಯಿಂದ ಹೋದ ಮೊಮ್ಮಕ್ಕಳು ನಗುತ್ತಾರೆ. ನಗಬೇಡಿ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ನಾಲ್ಕು ಅಡಿ ಗಾಳಿ ಇಟ್ಟಷ್ಟು ರಕ್ಷಣೆ ಯಾವ ಬಿಲ್ಲೆಯೂ ಕೊಡುವುದಿಲ್ಲ. ಮಾಳಿಗೆಯ ಡಿಶ್ಶಿನಿಂದ ಇಳಿಯುವ ತಾಮ್ರದ ಕೇಬಲ್ಲೂ ಸರ್ಜಿನ ಹೆದ್ದಾರಿಯೇ, ಅದನ್ನು ಬಿಚ್ಚಬೇಕು ಅಂತ ಅವಳಿಗೆ ಯಾರೂ ಬಿಇ ಕಲಿಸಿಲ್ಲ. ನೀವು ಮಾಡಬಹುದಾದ ಸಹಾಯ ಅಂದರೆ ಅವಳ ಫೋನಿಗೆ ಪುಣೆಯ ಐಐಟಿಎಂ ಸಂಸ್ಥೆಯ "ದಾಮಿನಿ" ಆ್ಯಪ್ ಹಾಕಿಕೊಡುವುದು. ಹತ್ತಿರದ ಸಿಡಿಲಿನ ಮುನ್ಸೂಚನೆ ಅದರಲ್ಲಿ ಸಿಗುತ್ತದೆ. ಪ್ಲಗ್ ಕೀಳುವುದು ಸಿಡಿಲು ಶುರುವಾಗುವ ಮುಂಚೆ, ಶುರುವಾದ ಮೇಲಲ್ಲ.

ಬ್ಯಾಟರಿ ವಿಷಯದಲ್ಲೂ ನಾವು ಲೆಕ್ಕಕ್ಕಿಂತ ಹೆಚ್ಚು ಜಾಹೀರಾತು ನಂಬುತ್ತೇವೆ. 12 ವೋಲ್ಟಿನ 150 ಆಂಪ್-ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರಿನಲ್ಲೂ ಒಂದಷ್ಟು ಸೋರುತ್ತದೆ. ಕೈಗೆ ಸಿಗುವುದು ಹೆಚ್ಚೆಂದರೆ 1,150ರ ಆಸುಪಾಸು. 75 ವ್ಯಾಟಿನ ಎರಡು ಹಳೇ ಫ್ಯಾನು, 60ರ ಲ್ಯಾಪ್‌ಟಾಪು, 10ರ ರೌಟರು, 9ರ ಮೂರು ಎಲ್‌ಇಡಿ ಬಲ್ಬು: ಒಟ್ಟು 247 ವ್ಯಾಟ್. ನಾಲ್ಕೂವರೆ ಗಂಟೆ ಬರುತ್ತದೆ. ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿ: 157 ವ್ಯಾಟ್, ಅದೇ ಬ್ಯಾಟರಿ ಏಳು ಗಂಟೆ ದಾಟುತ್ತದೆ. ಎರಡನೇ ಬ್ಯಾಟರಿ ಮಾರುವವನು ಇದನ್ನು ನಿಮಗೆ ಹೇಳುವುದಿಲ್ಲ. ರೌಟರ್ ಒಂದೇ ಉಳಿಯಬೇಕಾದರೆ 12 ವೋಲ್ಟನ್ನು ನೇರ ಕೊಡುವ ಪುಟ್ಟ ಮಿನಿ ಯುಪಿಎಸ್ ಸಾಕು.

ಇನ್ವರ್ಟರಿನಲ್ಲಿ ಬಹಳ ಜನ ಮುಟ್ಟದ ಒಂದು ಸಣ್ಣ ಸ್ವಿಚ್ಚಿದೆ. ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್ ಮೋಡ್. ನಾರ್ಮಲ್ಲಿನಲ್ಲಿ ಅದು ಸಾಮಾನ್ಯವಾಗಿ 100ರಿಂದ 290 ವೋಲ್ಟಿನ ತನಕ ಕಂಬದ ಕರೆಂಟನ್ನೇ ಹಾಗೇ ಒಳಗೆ ಬಿಡುತ್ತದೆ. ಯುಪಿಎಸ್ ಮೋಡಿನಲ್ಲಿ ಸುಮಾರು 180ರಿಂದ 260 ಮಾತ್ರ, ಅದರಾಚೆ ಹೋದರೆ ಬ್ಯಾಟರಿಗೆ ಜಾರುತ್ತದೆ. ಕಂಪ್ಯೂಟರ್, ಟಿವಿ ಇರುವ ಮನೆಗೆ ಎರಡನೆಯದೇ ಬೇಕು. ಹಾಗೇ, ಬ್ಯಾಟರಿಯನ್ನು ಮಾಳಿಗೆ ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿಗೆ ತುರುಕಬೇಡಿ. ರಾಯಚೂರಿನ 42 ಡಿಗ್ರಿ ಬಿಸಿಲು ಅದರ ಆಯುಷ್ಯವನ್ನು ತಿನ್ನುತ್ತದೆ, ಚಾರ್ಜ್ ಆಗುವಾಗ ಹೊರಡುವ ಜಲಜನಕಕ್ಕೆ ದಾರಿಯೂ ಬೇಕು.

ಇಲ್ಲಿಯವರೆಗೆ ಮನೆಯೊಳಗಿನ ಮಾತಾಯಿತು. ಕಂಬದ ಮಾತು ಬಾಕಿ ಇದೆ.

ರಾಯಚೂರಿನಿಂದ ಮಂತ್ರಾಲಯದ ದಾರಿ ಹಿಡಿದು ದಕ್ಷಿಣಕ್ಕೆ ಬಂದರೆ ಯರಗೇರಾ. ಉತ್ತರಕ್ಕೆ, ಕೃಷ್ಣೆಯ ದಂಡೆಗೆ ಹೋದರೆ ಶಕ್ತಿನಗರ. ಅಲ್ಲಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. 210 ಮೆಗಾವ್ಯಾಟಿನ ಏಳು, 250ರದ್ದೊಂದು, ಒಟ್ಟು 1,720. ಆಮೇಲೆ ಯರಮರಸ್‌ನಲ್ಲಿ 800 ಮೆಗಾವ್ಯಾಟಿನ ಇನ್ನೆರಡು ಬಂದವು. ನಾಡಿಗೆಲ್ಲ ಬೆಳಕು ಕೊಡುವ ಕಲ್ಲಿದ್ದಲಿನ ಬೂದಿ ಬೀಳುವುದು ನಮ್ಮ ಜಿಲ್ಲೆಯ ಮೇಲೆ. ಅದೇ ಜಿಲ್ಲೆಯ ರೈತ ತನ್ನ ಟಿವಿ ಉಳಿಸಿಕೊಳ್ಳಲು ಸ್ಟೆಬಿಲೈಸರ್, ಫ್ಯಾನ್ ತಿರುಗಿಸಲು ಇನ್ವರ್ಟರ್ ಕೊಳ್ಳಬೇಕು. ಬಿಲ್ಲೂ ಅವನೇ ಕಟ್ಟಬೇಕು, ಬಂದ ಕರೆಂಟನ್ನು ರಿಪೇರಿಯೂ ಅವನೇ ಮಾಡಿಕೊಳ್ಳಬೇಕು. ಇದಕ್ಕೆ ನಾವು ಕೊಡುವ ಹೆಸರು "ಪವರ್ ಬ್ಯಾಕಪ್". ನನ್ನ ಪ್ರಕಾರ ಇದು ಎರಡನೇ ಕರೆಂಟ್ ಬಿಲ್ಲು.

"ಸಿಸ್ಟಮ್ಮೇ ಹಂಗೆ ಗುರು, ಕಂಪ್ಲೇಂಟ್ ಮಾಡಿ ಏನಾಗುತ್ತೆ?" ಅನ್ನುವವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಸರ್ವರಿಗೆ 99.9 ಪರ್ಸೆಂಟ್ ಅಪ್‌ಟೈಮ್ ಅಂತ ಕ್ಲೈಂಟಿಗೆ ಬರೆದುಕೊಡುತ್ತೇವೆ. ಅಂದರೆ ವರ್ಷಕ್ಕೆ ಒಂಬತ್ತು ಗಂಟೆಯೊಳಗೆ ಡೌನ್‌ಟೈಮ್. ಒಂದು ಬಟನ್ನಿನ ಬಣ್ಣ ತಪ್ಪಾದರೂ ಟಿಕೆಟ್ ಹಾಕುತ್ತೇವೆ, ಸ್ಕ್ರೀನ್‌ಶಾಟ್ ಅಂಟಿಸುತ್ತೇವೆ, ಎಸ್ಕಲೇಟ್ ಮಾಡುತ್ತೇವೆ. ಅಪ್ಪನ ಓಣಿಯ ಕಂಬದಲ್ಲಿ ನ್ಯೂಟ್ರಲ್ ಕಿಡಿ ಹಾರಿಸುತ್ತಿದ್ದರೆ ಒಂದು ಟಿಕೆಟ್ ಹಾಕಿದ್ದೀವಾ?

ಹಾಕಲು ಜಾಗ ಇದೆ. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಮಾಮೂಲಿ ವೋಲ್ಟೇಜು ಆರು ಪರ್ಸೆಂಟಿಗಿಂತ ಹೆಚ್ಚು ಏರಿಳಿಯಬಾರದು ಅಂತ 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. 230ಕ್ಕೆ ಲೆಕ್ಕ ಹಾಕಿದರೆ ಸುಮಾರು 216ರಿಂದ 244. ಸರಬರಾಜು ಕಂಪನಿ ಸೇವೆಯ ಮಾನದಂಡ ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಅನ್ನುವುದು 2003ರ ವಿದ್ಯುತ್ ಕಾಯ್ದೆಯ 57ನೇ ಕಲಮಿನಲ್ಲಿದೆ. 2020ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳೂ ಬಂದವು. ಅಲ್ಲೂ ಕೇಳದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ಅಪ್ಪ ಸೆಕ್ಷನ್ ಆಫೀಸಿಗೆ ಹೋಗಿ ಕೈಕಟ್ಟಿ ನಿಂತರೆ "ನಾಳೆ ಬಾರಪ" ಅಂತಾರೆ. ದೂರಿನ ಸಂಖ್ಯೆ, ತಾರೀಖು, ಮಲ್ಟಿಮೀಟರಿನ ಫೋಟೋ, ಓಣಿಯ ಹತ್ತು ಮನೆಯವರ ಸಹಿ ಇದ್ದರೆ ಅಷ್ಟು ಸಲೀಸಾಗಿ ಅನ್ನಲಾರರು. ಈ ಕಾಗದ ಬರೆಯುವುದು ನಮಗೆ ಬರುವ ವಿದ್ಯೆ. ಅದನ್ನು ಊರಿಗೆ ಕೊಡದೆ ಬರೀ ಪಾರ್ಸಲ್ ಕಳಿಸುವುದನ್ನು ನಾವು ಪ್ರೀತಿ ಅಂದುಕೊಂಡಿದ್ದೇವೆ.

ಲೈನ್‌ಮನ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ಕಂಬ ಹತ್ತುವವರು ಅವರೇ. ಬರೆದು ಕೊಟ್ಟ ದೂರು ಇದ್ದರೆ ಹೊಸ ಕ್ಲಾಂಪು, ಹೊಸ ತಂತಿ ಕೇಳಲು ಅವರಿಗೂ ಒಂದು ಆಧಾರ ಸಿಗುತ್ತದೆ.

ನಗರದಲ್ಲಿರುವವರು "ನಮಗಿದು ಸಂಬಂಧವಿಲ್ಲ" ಅನ್ನಬೇಡಿ. ನಿಮ್ಮ ಬಾಡಿಗೆ ಮನೆಯ ಮೂರನೇ ತೂತಿನ ಹಿಂದೆ ತಂತಿ ಇದೆಯಾ ಅಂತ ಓನರನ್ನು ಕೇಳಿ ನೋಡಿ. ಮುಂದಿನ ಸಲ ಊರಿಗೆ ಹೋದಾಗ ಎಲೆಕ್ಟ್ರಿಷಿಯನ್‌ಗೆ ಮೊದಲೇ ಫೋನ್ ಮಾಡಿ, ಅರ್ಧ ದಿನ ಅವನ ಜೊತೆ ನಿಂತು ಸಾಕೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿಸಿ ನೋಡಿ. ಮಿಕ್ಕ ಅರ್ಧ ದಿನದಲ್ಲಿ ಓಣಿಯವರನ್ನು ಕೂಡಿಸಿ ಆ ಅರ್ಜಿ ಬರೆಯಿರಿ. ಆಮೇಲೂ ಸ್ಪೈಕ್ ಗಾರ್ಡ್ ಬೇಕು ಅನ್ನಿಸಿದರೆ ಗ್ರೂಪಿನಲ್ಲಿ ಕೇಳಿ, ಲಿಂಕ್ ನಾನೇ ಕಳಿಸ್ತೀನಿ.